ಆಶ್ರಯಧಾಮವೆಂದರೆ ಉಗ್ರಾಣವಲ್ಲ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಮತ್ತು ಸುತ್ತಲಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಿಗೆ ಸೇರಿಸಬೇಕು, ಮತ್ತೆ ಬೀದಿಗೆ ಬಿಡಕೂಡದು ಎಂದು ಆದೇಶಿಸಿತು. ಹನ್ನೊಂದು ದಿನಗಳ ಬಳಿಕ ತ್ರಿಸದಸ್ಯ ಪೀಠ ಆ ಆದೇಶವನ್ನು ಮಾರ್ಪಡಿಸಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ತಗುಲಿದವನ್ನೂ ಆಕ್ರಮಣಕಾರಿಯಾದವನ್ನೂ ಮಾತ್ರ ಪ್ರತ್ಯೇಕವಾಗಿ ಇಡಬೇಕು ಎಂದಿತು. ನವೆಂಬರ್ 7ರಂದು ಮತ್ತೊಂದು ನಿರ್ದೇಶನ ಹೊರಬಿತ್ತು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡುವಂತಿಲ್ಲ, ಆಶ್ರಯಧಾಮಗಳಿಗೆ ಸಾಗಿಸಬೇಕು. ಈ ಆದೇಶಗಳ ಸರಿತಪ್ಪುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ನಾಯಿಯನ್ನು ಪ್ರೀತಿಸುವವರೂ ದ್ವೇಷಿಸುವವರೂ ಒಮ್ಮತದಿಂದ ಬಳಸಿದ ಪದವೊಂದಿದ್ದರೆ ಅದು ‘ಆಶ್ರಯಧಾಮ’. ಆದರೆ ಅಂಥ ಒಂದು ಜಾಗವನ್ನು ನಡೆಸುವುದೆಂದರೆ ಏನು, ಅದಕ್ಕೆ ದಿನವೊಂದಕ್ಕೆ ಎಷ್ಟು ಬೇಕು, ಕೊಡುವವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದವರು ಕಡಿಮೆ.

ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾದವನು. ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ. ಬೆಂಗಳೂರಿನ ಹೊರವಲಯದಲ್ಲಿ ಪೂರ್ತಿಯಾಗಿ ಸಾರ್ವಜನಿಕರ ದೇಣಿಗೆಯಿಂದಲೇ ನಡೆಯುವ ಒಂದು ಸಣ್ಣ ಪ್ರಾಣಿ ಆಶ್ರಯಧಾಮಕ್ಕೆ ಕೆಲವು ವರ್ಷಗಳಿಂದ ಖಜಾಂಚಿಯಾಗಿದ್ದೇನೆ. ಪ್ರಾಣಿಗಳ ಬಗ್ಗೆ ನನಗೆ ವಿಶೇಷ ಜ್ಞಾನವೇನೂ ಇಲ್ಲ. ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬರು ಬೇಕೆಂದು ನೆರೆಯವರು ಕೇಳಿದರು, ಒಪ್ಪಿಕೊಂಡೆ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬ ಗಾದೆಯನ್ನು ನಂಬಿದವನು ನಾನು. ಆದ್ದರಿಂದ ಈ ಬರಹವೂ ಬಹುಮಟ್ಟಿಗೆ ಅಳತೆಯ ಮಾತೇ ಆಗಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ನಾಡಿನಲ್ಲಿ ದಿಕ್ಕಿಲ್ಲದ ಪ್ರಾಣಿಗಳನ್ನು ಇಡುವುದಕ್ಕೆ ಹಿಂದಿನಿಂದಲೂ ಎರಡು ಬಗೆಯ ಏರ್ಪಾಡುಗಳಿದ್ದವು. ಒಂದು ದೊಡ್ಡಿ, ಉತ್ತರ ಕರ್ನಾಟಕದ ಕಡೆ ಇದನ್ನು ಕೊಂಡವಾಡ ಎನ್ನುತ್ತಾರೆ. ಬೆಳೆಗೆ ನುಗ್ಗಿದ ದನವನ್ನು ಹಿಡಿದು ಅಲ್ಲಿ ಕೂಡುತ್ತಿದ್ದರು. ಮಾಲೀಕ ದಂಡ ಮತ್ತು ಮೇವಿನ ಖರ್ಚು ಕೊಟ್ಟು ಬಿಡಿಸಿಕೊಂಡು ಹೋಗಬೇಕು, ಬಾರದಿದ್ದರೆ ಹರಾಜು. 1871ರ ಜಾನುವಾರು ಅತಿಕ್ರಮಣ ಕಾಯ್ದೆಯ ಕಾಲದಿಂದ ನಡೆದುಬಂದ ಈ ವ್ಯವಸ್ಥೆಯಲ್ಲಿ ಪ್ರಾಣಿ ಕೆಲವೇ ದಿನಗಳ ಅತಿಥಿ. ಇನ್ನೊಂದು ಪಿಂಜರಾಪೋಳ. ಗುಜರಾತಿನ ಜೈನ ಮತ್ತು ವೈಷ್ಣವ ವರ್ತಕರು ಬೆಳೆಸಿದ ಈ ಸಂಸ್ಥೆಯಲ್ಲಿ ಪ್ರಾಣಿ ಸಾಯುವವರೆಗೂ ಇರುತ್ತದೆ. ಮುಂಬೈಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಬ್ರಿಟಿಷ್ ಆಡಳಿತದ ಆಜ್ಞೆಯ ವಿರುದ್ಧ 1832ರಲ್ಲಿ ಪಾರ್ಸಿಗಳು ಮೊದಲಾಗಿ ಬೀದಿಗಿಳಿದು ದೊಡ್ಡ ಗಲಭೆಯೇ ಆಯಿತು. ಎರಡು ವರ್ಷಗಳ ನಂತರ, 1834ರಲ್ಲಿ, ಜಮ್ಶೆಟ್ಜಿ ಜೀಜೀಭಾಯ್ ಅವರು ಇತರ ವರ್ತಕರೊಡನೆ ಸೇರಿ ಅಲ್ಲಿ ಪಿಂಜರಾಪೋಳವನ್ನು ಸ್ಥಾಪಿಸಿದರು. ನಾಯಿಯ ಪ್ರಶ್ನೆ ನಮ್ಮ ನಗರಗಳಿಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲಿ ಗಮನಿಸಬೇಕಾದುದು ಪಿಂಜರಾಪೋಳಗಳ ಹಣಕಾಸಿನ ಬುನಾದಿ. ವರ್ತಕ ಸಂಘಗಳು ತಾವು ಮಾರುವ ಸರಕಿನ ಮೇಲೆ ತಾವೇ ಒಂದು ಸಣ್ಣ ಲಾಗನ್ನು ಹೇರಿಕೊಳ್ಳುತ್ತಿದ್ದವು. ವ್ಯಾಪಾರ ನಡೆದಂತೆಲ್ಲ ಹಣ ತಾನಾಗಿ ಬರುತ್ತಿತ್ತು. ಜೀವಮಾನದ ಹೊಣೆಗೆ ಜೀವಮಾನದ ವರಮಾನವನ್ನು ಜೋಡಿಸಿದ್ದ ಆ ವರ್ತಕರ ವ್ಯವಹಾರಜ್ಞಾನ ನಮ್ಮಲ್ಲಿ ಅನೇಕರಿಗಿಲ್ಲ.

ಮೂರನೆಯ ಬಗೆ ಈಚಿನದು, ಅದು ಆಸ್ಪತ್ರೆ ಮಾದರಿ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧ ಇಂಗ್ಲಿಷ್ ಮಹಿಳೆ ಆರಂಭಿಸಿದ ‘ಕ್ಯುಪಾ’ದಂಥ ಸಂಸ್ಥೆಗಳು ಈ ಮಾದರಿಯನ್ನು ನಮ್ಮ ನಗರಕ್ಕೆ ಪರಿಚಯ ಮಾಡಿಸಿದವು. ಗಾಯಗೊಂಡ ಪ್ರಾಣಿಯನ್ನು ತಂದು, ಗುಣಪಡಿಸಿ, ಸಾಕುವವರಿದ್ದರೆ ಅವರಿಗೆ ಕೊಟ್ಟು, ಇಲ್ಲವಾದರೆ ಇದ್ದ ಬೀದಿಗೇ ಬಿಡುವುದು ಇದರ ಕ್ರಮ. ಇಂದು ‘ಆಶ್ರಯಧಾಮ’ ಎಂದಾಗ ನ್ಯಾಯಾಲಯದ ಮನಸ್ಸಿನಲ್ಲಿ ದೊಡ್ಡಿಯಿದೆ, ದಾನಿಯ ಮನಸ್ಸಿನಲ್ಲಿ ಪಿಂಜರಾಪೋಳವಿದೆ, ನಮ್ಮ ಪಶುವೈದ್ಯರ ಮನಸ್ಸಿನಲ್ಲಿ ಆಸ್ಪತ್ರೆಯಿದೆ. ಮೂರರ ಲೆಕ್ಕವೂ ಬೇರೆ ಬೇರೆ.

ನಮ್ಮಲ್ಲಿ 60 ಗೂಡುಗಳಿವೆ. ಬಂದವರೆಲ್ಲ ಕೇಳುವ ಪ್ರಶ್ನೆ, ‘ಎಷ್ಟು ನಾಯಿ ಇಟ್ಟುಕೊಳ್ಳಬಹುದು?’ ಈ ಪ್ರಶ್ನೆಗೆ ಅರ್ಥವಿಲ್ಲ. ಒಂದು ಆಸ್ಪತ್ರೆಯ ಶಕ್ತಿಯನ್ನು ಹಾಸಿಗೆಗಳ ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ, ರೋಗಿ ಎಷ್ಟು ದಿನ ಮಲಗುತ್ತಾನೆ ಎಂಬುದು ನಿರ್ಧರಿಸುತ್ತದೆ. ಪ್ರತಿ ಪ್ರಾಣಿ ಸರಾಸರಿ 10 ದಿನ ಇದ್ದು ಹೊರಟರೆ 60 ಗೂಡುಗಳಲ್ಲಿ ದಿನಕ್ಕೆ 6 ಪ್ರಾಣಿಗಳನ್ನು, ವರ್ಷಕ್ಕೆ 2,190 ಪ್ರಾಣಿಗಳನ್ನು ಸೇರಿಸಿಕೊಳ್ಳಬಹುದು. ಅವುಗಳಲ್ಲಿ 40 ಗೂಡುಗಳನ್ನು ಎಂದೆಂದಿಗೂ ಹೊರಹೋಗದ ಪ್ರಾಣಿಗಳು ಹಿಡಿದಿವೆ ಎಂದುಕೊಳ್ಳಿ. ಉಳಿದ 20 ಗೂಡುಗಳಲ್ಲಿ ದಿನಕ್ಕೆ ಎರಡೇ, ವರ್ಷಕ್ಕೆ 730 ಮಾತ್ರ. ಕಟ್ಟಡ ಅದೇ, ಸಿಬ್ಬಂದಿ ಅದೇ, ಖರ್ಚೂ ಹೆಚ್ಚುಕಡಿಮೆ ಅದೇ. ಆದರೆ 1,460 ಪ್ರಾಣಿಗಳಿಗೆ ಬಾಗಿಲು ಮುಚ್ಚಿತು. ಆ ಪ್ರಾಣಿಗಳು ನಮ್ಮ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ರಸ್ತೆಯ ಬದಿಯಲ್ಲಿ ಹುಳುಬಿದ್ದ ಗಾಯದೊಡನೆ ಇರುತ್ತವೆ.

ಈ ದಿನಗಳ ಲೆಕ್ಕವನ್ನು ತೀರ್ಮಾನಿಸುವುದು ಕಾಯಿಲೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದ ನಾಯಿಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಕ್ರಿಯೆಯ ನಂತರ ಕನಿಷ್ಠ 4 ದಿನ ಇಟ್ಟುಕೊಳ್ಳಬೇಕು. ಜನನಾಂಗದಲ್ಲಿ ಬೆಳೆದು ಒಂದರಿಂದ ಇನ್ನೊಂದಕ್ಕೆ ಅಂಟುವ ಗೆಡ್ಡೆಗೆ ವಾರಕ್ಕೊಂದರಂತೆ ನಾಲ್ಕರಿಂದ ಆರು ಚುಚ್ಚುಮದ್ದು, ಅಂದರೆ ತಿಂಗಳಿಗೂ ಮೇಲೆ ಒಂದು ಗೂಡು. ಮಳೆಗಾಲದಲ್ಲಿ ಹುಳುಬಿದ್ದ ಗಾಯಗಳು ಸಾಲುಗಟ್ಟಿ ಬರುತ್ತವೆ. ಇವು ಬೇಗ ವಾಸಿಯಾಗುವಂಥವು, ನೋಡಲು ಮಾತ್ರ ಭೀಕರ. ದೀಪಾವಳಿಯ ವಾರದಲ್ಲಿ ಪಟಾಕಿಗೆ ಬೆದರಿ ಮನೆಯಿಂದ ಓಡಿ ಗಾಡಿಗೆ ಸಿಕ್ಕವು. ಇವುಗಳ ನಡುವೆ ಅತ್ಯಂತ ಕಷ್ಟವಾದುದು ಬೆನ್ನುಮೂಳೆ ಮುರಿದು ಹಿಂಗಾಲುಗಳಲ್ಲಿ ಸ್ವಾಧೀನ ತಪ್ಪಿದ ನಾಯಿ. ಅದರ ಹೊಟ್ಟೆಯ ಕೆಳಭಾಗವನ್ನು ದಿನಕ್ಕೆ ಎರಡು ಮೂರು ಬಾರಿ ಮೆಲ್ಲಗೆ ಒತ್ತಿ ಮೂತ್ರ ಹೊರಡಿಸಬೇಕು, ಮಗ್ಗುಲು ಬದಲಿಸಬೇಕು, ಹಾಸಿಗೆ ಹುಣ್ಣುಗಳನ್ನು ತೊಳೆಯಬೇಕು. ಕಣ್ಣು ಮಾತ್ರ ಚುರುಕಾಗಿರುತ್ತದೆ, ಊಟದ ತಟ್ಟೆ ಕಂಡರೆ ಮುಂಗಾಲುಗಳ ಮೇಲೆ ಎಳೆದುಕೊಂಡು ಬರುತ್ತದೆ. ಎರಡು ವರ್ಷದ ನಾಯಿಯಾದರೆ ಒಳ್ಳೆಯ ಆರೈಕೆಯಲ್ಲಿ ಇನ್ನೂ ಎಷ್ಟೋ ವರ್ಷ ಬದುಕಬಹುದು. ಇಂಥದ್ದೊಂದನ್ನು ಒಳಗೆ ಬಿಟ್ಟುಕೊಳ್ಳುವುದೆಂದರೆ ಆ ಗೂಡನ್ನು ಅಷ್ಟೂ ವರ್ಷಗಳಿಗೆ ಬರೆದುಕೊಟ್ಟಂತೆ.

ಹಾಗಾದರೆ ಗೂಡೊಂದರಲ್ಲಿ ಎರಡು ಮೂರು ನಾಯಿಗಳನ್ನು ಇಟ್ಟರಾಗದೆ? ಕೇಳುವವರಿದ್ದಾರೆ. ಮರಿಗಳಿಗೆ ಬರುವ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯ ನೀರೇ ಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಎರಡು ವಾರವಾದರೂ ಬೇರೆ ಇಡದೆ ಹಳೆಯವುಗಳ ಜೊತೆ ಬಿಟ್ಟರೆ ರಕ್ಷಿಸಿ ತಂದ ಒಂದು ಮರಿ ಒಳಗಿದ್ದ ಹತ್ತನ್ನು ಕೊಂಡೊಯ್ಯುತ್ತದೆ. ಪರಿಚಯವಿಲ್ಲದ ನಾಯಿಗಳು ಕಚ್ಚಾಡುವುದು ಬೇರೆ. ಕಿಕ್ಕಿರಿದ ಆಶ್ರಯಧಾಮ ಬೀದಿಗಿಂತ ಕ್ರೂರವಾದ ಜಾಗ. ಬೀದಿಯಲ್ಲಿ ದುರ್ಬಲವಾದ ನಾಯಿಗೆ ಓಡಿಹೋಗಲು ದಾರಿಯಾದರೂ ಇರುತ್ತದೆ.

ಈಗ ಹಣದ ವಿಷಯ. ಅಕ್ಕಿ, ಕೋಳಿ ಅಂಗಡಿಗಳಿಂದ ತರುವ ಕಾಲು ತಲೆಗಳು, ಔಷಧ, ಇಬ್ಬರು ಕೆಲಸಗಾರರ ಸಂಬಳ, ದಿನಕ್ಕೆ ಕೆಲವು ಗಂಟೆ ಬರುವ ಪಶುವೈದ್ಯರ ಗೌರವಧನ, ನೀರಿನ ಟ್ಯಾಂಕರು, ವಿದ್ಯುತ್ತು, ಆಂಬುಲೆನ್ಸಿನ ಡೀಸೆಲ್ಲು ಎಲ್ಲವನ್ನೂ ಹಂಚಿದರೆ ನಮ್ಮಲ್ಲಿ ಪ್ರಾಣಿಯೊಂದಕ್ಕೆ ದಿನಕ್ಕೆ ಸುಮಾರು 100 ರೂಪಾಯಿ ಬೀಳುತ್ತದೆ. ಸಮರ್ಥವಾಗಿ ನಡೆಸುವ ಬೇರೆಯವರಿಗೆ ಇನ್ನೂ ಕಡಿಮೆ ಬೀಳಬಹುದು, ನಗರದ ಒಳಗಿದ್ದರೆ ಹೆಚ್ಚು. 60 ಗೂಡುಗಳಿಗೆ ತಿಂಗಳಿಗೆ 1.80 ಲಕ್ಷ ರೂಪಾಯಿ. ಗೂಡು ಖಾಲಿಯಿದ್ದರೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದೇ ಇರುತ್ತದೆ. ಸಂಬಳ ಮತ್ತು ವಿದ್ಯುತ್ತಿಗೆ ನಾಯಿಗಳ ತಲೆಯೆಣಿಕೆ ಗೊತ್ತಿಲ್ಲ.

ದೇಣಿಗೆ ಬರುವ ರೀತಿ ಮಾತ್ರ ಇದಕ್ಕೆ ಪೂರ್ತಿ ವಿರುದ್ಧ. ಜನ ಒಂದು ಮುಖಕ್ಕೆ ಕೊಡುತ್ತಾರೆ, ಒಂದು ವ್ಯವಸ್ಥೆಗೆ ಕೊಡುವುದಿಲ್ಲ. ಲಾರಿಗೆ ಸಿಕ್ಕ ಮರಿಯೊಂದರ ಚಿತ್ರವನ್ನು ಹಾಕಿದರೆ ಎರಡೇ ದಿನಗಳಲ್ಲಿ ಅದರ ಶಸ್ತ್ರಚಿಕಿತ್ಸೆಗೆ ಬೇಕಾದುದರ ಮೂರು ಪಟ್ಟು ಹಣ ಬಂದು ಬೀಳುತ್ತದೆ, ಅದೂ ‘ಈ ಮರಿಗೆ ಮಾತ್ರ’ ಎಂಬ ಷರತ್ತಿನೊಡನೆ. ಅದೇ ತಿಂಗಳು ಕೆಲಸಗಾರರಿಗೆ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಲು ಹಣವಿಲ್ಲ ಎಂದು ಬರೆದರೆ ಯಾರೂ ಓದುವುದಿಲ್ಲ. ಕಂಪನಿಗಳ ಕಥೆಯೂ ಇಷ್ಟೇ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಸೇರಿರುವುದರಿಂದ ಸಾಮಾಜಿಕ ಹೊಣೆಗಾರಿಕೆಯ ನಿಧಿ ಈ ಕ್ಷೇತ್ರಕ್ಕೆ ಬರಬಹುದು, ಬರುತ್ತಲೂ ಇದೆ. ಆಂಬುಲೆನ್ಸ್ ಕೊಡಿಸಲು ಮುಂದೆ ಬರುವವರು ಸಿಗುತ್ತಾರೆ, ಅದರ ಪಕ್ಕದ ಮೇಲೆ ಹೆಸರು ಬರೆಯಬಹುದಲ್ಲ. ಚಾಲಕನ ಬೆನ್ನ ಮೇಲೆ ಹೆಸರು ಬರೆಯಲಾಗುವುದಿಲ್ಲವಾದ್ದರಿಂದ ಅವನ ಸಂಬಳಕ್ಕೆ ದಾನಿಗಳಿಲ್ಲ. ನಾನು ಸೇವೆಯಲ್ಲಿದ್ದಾಗಲೂ ಆಸ್ಪತ್ರೆ ಕಟ್ಟಡಗಳಿಗೆ ಅನುದಾನ ಬೇಗ ಮಂಜೂರಾಗುತ್ತಿತ್ತು, ದಾದಿಯರ ಹುದ್ದೆಗಳ ಕಡತ ಮಾತ್ರ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ದಾನಿಯ ಮನಸ್ಸೂ ಖಜಾನೆಯ ಮನಸ್ಸೂ ಅಷ್ಟೇನೂ ಭಿನ್ನವಲ್ಲ.

ತೆರಿಗೆಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ನೋಂದಾಯಿತ ಸಂಸ್ಥೆಗೆ ಕೊಟ್ಟ ದೇಣಿಗೆಯ ಅರ್ಧದಷ್ಟನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುವ ಸವಲತ್ತು ಹಳೆಯ ತೆರಿಗೆ ಪದ್ಧತಿಯಲ್ಲಿದೆ. 2020ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಇದಿಲ್ಲ. 2023ರಿಂದ ಕೇಳದೆಯೇ ಅನ್ವಯವಾಗುವುದು ಈ ಹೊಸ ಪದ್ಧತಿಯೇ. ಸಂಬಳದಾರರು ಅದಕ್ಕೆ ಬದಲಾದಂತೆ ಮಾರ್ಚ್ ತಿಂಗಳ ಕೊನೆಯಲ್ಲಿ ರಸೀದಿಗಾಗಿ ಬರುತ್ತಿದ್ದ ಕರೆಗಳು ನಮ್ಮಲ್ಲಿ ವರ್ಷವರ್ಷವೂ ಇಳಿಯುತ್ತಿವೆ. ತೆರಿಗೆ ಉಳಿಸಲೆಂದು ಕೊಡುವುದು ದಾನವೇ ಅಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಹಣದಿಂದ ಕೊಂಡ ಅಕ್ಕಿಯೂ ಬೇಯುತ್ತಿತ್ತು.

ಇನ್ನು ಗೇಟಿನ ಬಳಿಗೆ ಬರೋಣ. ಆಶ್ರಯಧಾಮದ ಗೇಟಿನಲ್ಲಿ ನಿಂತವರಿಗೆ ನಗರದ ಇನ್ನೊಂದು ಮುಖ ಕಾಣುತ್ತದೆ. ಬೆಳಗಿನ ಜಾವ ರಟ್ಟಿನ ಪೆಟ್ಟಿಗೆಯಲ್ಲಿ ಐದಾರು ಮರಿಗಳನ್ನು ಇಟ್ಟು ಹೋಗುವವರು. ಕೊರೊನಾ ಕಾಲದಲ್ಲಿ, ಮನೆಯಲ್ಲೇ ಕುಳಿತಿದ್ದಾಗ, ಸಾವಿರಾರು ರೂಪಾಯಿ ಕೊಟ್ಟು ಕೊಂಡ ಹಸ್ಕಿಯನ್ನು ಕಚೇರಿ ತೆರೆದ ಮೇಲೆ ಕಂಬಕ್ಕೆ ಕಟ್ಟಿ ಹೋದವರು. ವರ್ಗವಾಗಿದೆ, ಮಗು ಹುಟ್ಟಿದೆ, ಅಪಾರ್ಟ್‌ಮೆಂಟಿನ ಸಂಘದವರು ಬಿಡುತ್ತಿಲ್ಲ ಎಂದು ಕಾರಿನಲ್ಲಿ ತರುವವರು. ಒಬ್ಬರು ಎರಡು ವರ್ಷದ ನಾಯಿಯೊಂದನ್ನು ತಂದು, ‘ಸಾರ್, ನೀವು ಚೆನ್ನಾಗಿ ನೋಡ್ಕೋತೀರ ಅಂತ ಕೇಳಿದ್ದೀನಿ’ ಎಂದು 5,000 ರೂಪಾಯಿಯ ಲಕೋಟೆಯನ್ನು ಮೇಜಿನ ಮೇಲಿಟ್ಟರು. ನಮ್ಮ ದರದಲ್ಲಿ ಅದು 50 ದಿನ. ನಾಯಿ ಇನ್ನು 10 ವರ್ಷ ಬದುಕಿದರೆ ಬೇಕಾಗುವುದು 3.65 ಲಕ್ಷ, ಬೆಲೆಯೇರಿಕೆಯನ್ನು ಬಿಟ್ಟು. ಲಕೋಟೆಯನ್ನು ಹಿಂದಿರುಗಿಸಿ ನಾಯಿಯನ್ನೂ ಜೊತೆಗೇ ಕಳಿಸಿದೆವು. ಅದಕ್ಕೆ ಬೇರೆ ಮನೆ ಹುಡುಕಲು ನೆರವಾಗುತ್ತೇವೆ, ಅಲ್ಲಿಯವರೆಗೆ ನೀವೇ ಇಟ್ಟುಕೊಳ್ಳಿ ಎಂದೆವು. ಅವರು ಕೋಪಗೊಂಡರು. ‘ಮತ್ತೆ ಯಾಕೆ ಬೋರ್ಡು ಹಾಕ್ಕೊಂಡಿದ್ದೀರಿ?’ ಎಂದು ಕೇಳಿದ್ದು ನನಗಿನ್ನೂ ನೆನಪಿದೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಾತ್ರ ಅವರು ನಿರೀಕ್ಷಿಸಿದ್ದಲ್ಲ.

ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕನನ್ 1975ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ಪರೋಪಕಾರಿಯ ಸಂದಿಗ್ಧ ಎಂದು ಕರೆದರು. ಕೇಳಿದವರಿಗೆಲ್ಲ ಕೊಡುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡವನು ತನ್ನ ಒಳ್ಳೆಯತನದಿಂದಲೇ ಕೇಳುವವರ ಸಂಖ್ಯೆಯನ್ನು ಹೆಚ್ಚಿಸುತ್ತಾನೆ. ಯಾವ ಪ್ರಾಣಿಯನ್ನೂ ನಿರಾಕರಿಸುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಆಶ್ರಯಧಾಮ ಹತ್ತಿರದ ಬಡಾವಣೆಗಳಿಗೆಲ್ಲ ಒಂದು ಸಂದೇಶ ಕಳಿಸುತ್ತಿರುತ್ತದೆ: ಸಾಕಿ ನೋಡಿ, ಬೇಡವಾದರೆ ನಾವಿದ್ದೇವೆ. ಹಾಗೆಂದು ಬೆಳಗಿನ ಜಾವದ ಪೆಟ್ಟಿಗೆಯನ್ನು ಹಿಂದಿರುಗಿಸಲು ವಿಳಾಸವಿರುವುದಿಲ್ಲ. ಅದನ್ನು ಒಳಗೆ ತೆಗೆದುಕೊಳ್ಳಲೇಬೇಕು. ಕಾರಿನಲ್ಲಿ ಬಂದವರಿಗೆ ಇಲ್ಲ ಎನ್ನುವ ಧೈರ್ಯ ಮಾತ್ರ ಬೇಕು. ದೇಣಿಗೆಯಿಂದ ನಡೆಯುವ ಸಂಸ್ಥೆಗೆ ಈ ಧೈರ್ಯ ಕಷ್ಟ, ಏಕೆಂದರೆ ಬೇಡವೆನಿಸಿಕೊಂಡವರು ಅಂದೇ ಹತ್ತು ಜನರಿಗೆ ಸಂಸ್ಥೆಯ ಹೃದಯಹೀನತೆಯನ್ನು ವರ್ಣಿಸಿ ಹೇಳುತ್ತಾರೆ.

ಇದಕ್ಕಿಂತ ಕಠಿಣವಾದ ವಿಷಯವೊಂದಿದೆ, ಅದರ ಬಗ್ಗೆ ನಮ್ಮ ಪ್ರಾಣಿದಯಾ ವಲಯದಲ್ಲಿ ಮೆಲುದನಿಯಲ್ಲೂ ಮಾತಾಡುವುದಿಲ್ಲ. ಗುಣವಾಗುವ ಆಸೆಯೇ ಇಲ್ಲದ, ನೋವಿನಲ್ಲಿ ನರಳುವ ಪ್ರಾಣಿಗೆ ಪಶುವೈದ್ಯರ ತೀರ್ಮಾನದ ಮೇರೆಗೆ ನೋವಿಲ್ಲದ ಸಾವನ್ನು ಕೊಡಲು ಕಾನೂನು ಅವಕಾಶ ಕೊಡುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಇದೆ, 2023ರ ನಿಯಮಗಳಲ್ಲೂ ಇದೆ. ಆದರೆ ದಾನಿಗಳಿಗೆ ಅದು ಬೇಡ. ‘ನಾವು ಕೊಟ್ಟ ದುಡ್ಡು ಕೊಲ್ಲಲಿಕ್ಕಾ?’ ಎನ್ನುತ್ತಾರೆ. ಸೊಂಟ ಮುರಿದು, ಹುಣ್ಣು ಮೂಳೆಯವರೆಗೆ ಇಳಿದು, ಮೂತ್ರಪಿಂಡ ಸೋತ ನಾಯಿಯನ್ನು ಇನ್ನೂ ಒಂದು ತಿಂಗಳು ಗ್ಲೂಕೋಸಿನ ಮೇಲೆ ಇಡುವುದು ಕರುಣೆಯೆಂದು ನನಗೆ ಅನ್ನಿಸುವುದಿಲ್ಲ. ಅದು ನಮ್ಮ ಮನಸ್ಸಿನ ನೆಮ್ಮದಿಗಾಗಿ ಪ್ರಾಣಿಯಿಂದ ವಸೂಲು ಮಾಡುವ ಸುಂಕ. ಇದಕ್ಕೆ ಎದುರಾದ ಅಪಾಯವೂ ಇಲ್ಲದಿಲ್ಲ. ಗೂಡು ಖಾಲಿ ಮಾಡಲೆಂದು ಈ ಅವಕಾಶವನ್ನು ಬಳಸಲು ತೊಡಗಿದರೆ ಸಂಸ್ಥೆ ಕಸಾಯಿಖಾನೆಯಾಗಲು ತಡವಾಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಇಬ್ಬರು ವೈದ್ಯರ ಸಹಿ ಇಲ್ಲದೆ ಇದು ನಡೆಯುವುದಿಲ್ಲ, ಖಜಾಂಚಿಗೆ ಆ ಚರ್ಚೆಯಲ್ಲಿ ಮಾತಿಲ್ಲ. ಈ ಕೊನೆಯ ನಿಯಮವನ್ನು ಸೂಚಿಸಿದ್ದು ನಾನೇ.

ಈಗ ಸಾರ್ವಜನಿಕ ಹೊಣೆಯ ಪ್ರಶ್ನೆ. 2007ರ ಆರಂಭದ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ದಾಳಿಗೆ ಬಲಿಯಾದುದನ್ನು ಹಳೆಯ ಓದುಗರು ಮರೆತಿರಲಾರರು. ಆ ಬಳಿಕ ನಗರದಲ್ಲಿ ನಾಯಿಗಳನ್ನು ಸಾಮೂಹಿಕವಾಗಿ ಹಿಡಿದು ಕೊಂದರು. ನಾಯಿಗಳು ಮುಗಿಯಲಿಲ್ಲ, ಕಸದ ರಾಶಿಗಳೂ ಮಾಂಸದಂಗಡಿಗಳ ತ್ಯಾಜ್ಯವೂ ಹಾಗೆಯೇ ಉಳಿದವು. ಮಗುವನ್ನು ಕಳೆದುಕೊಂಡ ತಾಯಿಗೆ ಪ್ರಾಣಿದಯೆಯ ಉಪದೇಶ ಮಾಡುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ. ಆದರೆ ಯಾವ ಕ್ರಮದಿಂದ ಕಡಿತಗಳು ಕಡಿಮೆಯಾಗುತ್ತವೆ ಎಂದು ಕೇಳುವ ಅಧಿಕಾರ ಎಲ್ಲರಿಗೂ ಇದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 2019ರ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಸುಮಾರು 2.79 ಲಕ್ಷ. ನಾಲ್ಕು ವರ್ಷಗಳಲ್ಲಿ ಶೇ 10ರಷ್ಟು ಇಳಿಕೆ. ಶಸ್ತ್ರಚಿಕಿತ್ಸೆ ಮಾಡಿ ಬಿಡುವ ಕ್ರಮ ನಿಧಾನ, ಆದರೆ ವ್ಯರ್ಥವಲ್ಲ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಅಷ್ಟನ್ನೂ ಒಳಗೆ ಕೂಡಿದರೆ? 2025ರ ಜುಲೈಯಲ್ಲಿ ಪಾಲಿಕೆಯು ಕೆಲವು ಸಾವಿರ ನಾಯಿಗಳಿಗೆ ಊಟ ಹಾಕುವ 2.88 ಕೋಟಿ ರೂಪಾಯಿಯ ಯೋಜನೆಯೊಂದನ್ನು ಪ್ರಕಟಿಸಿ ಸಾಕಷ್ಟು ಲೇವಡಿಗೆ ಗುರಿಯಾಯಿತು. ಅದರಲ್ಲಿ ನಾಯಿಯೊಂದಕ್ಕೆ ಒಂದು ಹೊತ್ತಿಗೆ ಸುಮಾರು 22 ರೂಪಾಯಿ ಎಂದು ಲೆಕ್ಕ ಹಾಕಿದ್ದರು. ಆ ದರದಲ್ಲಿ 2.79 ಲಕ್ಷ ನಾಯಿಗಳಿಗೆ ದಿನಕ್ಕೊಂದೇ ಹೊತ್ತು ಊಟವೆಂದರೂ ದಿನಕ್ಕೆ 61 ಲಕ್ಷ, ವರ್ಷಕ್ಕೆ 224 ಕೋಟಿ ರೂಪಾಯಿ. 40 ನಾಯಿಗೆ ಒಬ್ಬ ಕೆಲಸಗಾರನಂತೆ ಸುಮಾರು 7,000 ಜನ ಬೇಕು. ಭೂಮಿ, ಕಟ್ಟಡ, ವೈದ್ಯರು, ಔಷಧದ ಲೆಕ್ಕ ಇದರಲ್ಲಿ ಸೇರಿಲ್ಲ. 2.88 ಕೋಟಿಗೆ ನಕ್ಕವರು 224 ಕೋಟಿಗೆ ಏನು ಹೇಳುತ್ತಾರೋ ತಿಳಿಯೆ. ಗೋವುಗಳ ವಿಷಯದಲ್ಲಿ ಇಂಥದೊಂದು ಪಾಠ ಆಗಲೇ ಆಗಿದೆ. 2022ರಲ್ಲಿ ಆರಂಭವಾದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ರಾಸೊಂದರ ಪಾಲನೆಗೆ ವರ್ಷಕ್ಕೆ 11,000 ರೂಪಾಯಿ ಎಂದು ನಿಗದಿ ಮಾಡಿದರು. ದಿನಕ್ಕೆ 30 ರೂಪಾಯಿ. ಹಸುವನ್ನು ಕಟ್ಟಿದ ಯಾವ ರೈತನನ್ನಾದರೂ ಕೇಳಿ, ಆ ಹಣಕ್ಕೆ ಒಣಹುಲ್ಲೂ ಪೂರ್ತಿ ಬಾರದು ಎನ್ನುತ್ತಾನೆ. ಕಾನೂನು ಒಂದು ಹೊಣೆಯನ್ನು ಹುಟ್ಟಿಸುತ್ತದೆ, ಖಜಾನೆ ಅದರ ಒಂದಂಶವನ್ನು ಕೊಡುತ್ತದೆ, ಉಳಿದುದನ್ನು ಭಕ್ತಿಯೋ ಕರುಣೆಯೋ ತುಂಬಿಕೊಡಲಿ ಎಂದು ಬಿಟ್ಟುಬಿಡುತ್ತದೆ.

ಬೀದಿನಾಯಿಗಳ ಜನನ ನಿಯಂತ್ರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ ಎಂಬುದರಲ್ಲಿ ನಿಯಮಗಳಿಗೆ ಅನುಮಾನವಿಲ್ಲ. ರೇಬೀಸ್ ತಡೆ ಸಾರ್ವಜನಿಕ ಆರೋಗ್ಯದ ಕೆಲಸ. ಅದರ ಲಾಭ ನಾಯಿಗೆ ಅನ್ನ ಹಾಕುವವನಿಗೂ ಕಲ್ಲು ಹೊಡೆಯುವವನಿಗೂ ಸಮನಾಗಿ ಸಿಗುತ್ತದೆ. ಇಂಥ ಕೆಲಸಕ್ಕೆ ತೆರಿಗೆಯ ಹಣವೇ ತಕ್ಕದ್ದು ಎಂಬುದು ಅರ್ಥಶಾಸ್ತ್ರದ ಮೊದಲ ವರ್ಷದ ಪಾಠ. ಸರ್ಕಾರೇತರ ಸಂಸ್ಥೆಗಳು ಸ್ಥಳೀಯ ಸಂಸ್ಥೆಯ ಪರವಾಗಿ ಶಸ್ತ್ರಚಿಕಿತ್ಸೆ ಮಾಡಿದರೆ ಹದಿನೈದು ದಿನಕ್ಕೊಮ್ಮೆ ಅವುಗಳ ಖರ್ಚನ್ನು ತುಂಬಿಕೊಡಬೇಕೆಂದು 2001ರ ನಿಯಮಗಳಲ್ಲಿತ್ತು. ನಾವು ಒಪ್ಪಂದ ಮಾಡಿಕೊಂಡಿದ್ದ ಒಂದು ಸ್ಥಳೀಯ ಸಂಸ್ಥೆ ಮೊದಲ ಬಿಲ್ಲನ್ನು ಪಾವತಿಸಲು ಹನ್ನೊಂದು ತಿಂಗಳು ತೆಗೆದುಕೊಂಡಿತು. ಅಷ್ಟೂ ಕಾಲ ಅದರ ಶಾಸನಬದ್ಧ ಕರ್ತವ್ಯಕ್ಕೆ ಬಂಡವಾಳ ಹೂಡಿದವರು ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಕೊಡುವ ನಿವೃತ್ತ ಶಿಕ್ಷಕಿಯರು, ಬ್ಯಾಂಕ್ ನೌಕರರು, ಹೂವಿನ ಅಂಗಡಿಯವರು. ಕಡತ ಎಲ್ಲಿ ನಿಂತಿರಬಹುದೆಂದು ನನಗೆ ಅಂದಾಜಿತ್ತು, ಯಾವ ಆಕ್ಷೇಪಣೆಗೆ ಯಾವ ಉತ್ತರ ಬರೆಯಬೇಕೆಂಬುದೂ ಗೊತ್ತಿತ್ತು. ಮೂವತ್ತು ವರ್ಷ ಆ ಕಡೆಯ ಮೇಜಿನಲ್ಲಿ ಕುಳಿತವನಿಗೇ ಹನ್ನೊಂದು ತಿಂಗಳು ಹಿಡಿದರೆ ಉಳಿದವರ ಪಾಡೇನು?

ಆದ್ದರಿಂದ ನವೆಂಬರ್ 7ರ ಆದೇಶದ ಪ್ರಕಾರ ಶಾಲೆ, ಆಸ್ಪತ್ರೆಗಳ ಆವರಣದ ನಾಯಿಗಳನ್ನು ಒಯ್ಯಬೇಕಾದ ಸ್ಥಳೀಯ ಸಂಸ್ಥೆಗಳು ‘ನಿಮ್ಮಲ್ಲಿ ಜಾಗವಿದೆಯೇ?’ ಎಂದು ದೇಣಿಗೆಯ ಆಶ್ರಯಧಾಮಗಳನ್ನು ಕೇಳಿದಾಗ ಇಲ್ಲ ಎನ್ನುವುದೇ ಸರಿಯಾದ ಉತ್ತರ. ಹಟಕ್ಕಾಗಿ ಅಲ್ಲ. ಅವು ಮರಳಿ ಹೋಗಲಾಗದ ನಾಯಿಗಳು, ಅಂದರೆ ಪಿಂಜರಾಪೋಳದ ಹೊಣೆ. ನಮ್ಮದು ಹತ್ತು ದಿನದ ಆಸ್ಪತ್ರೆ. ಹಾಗೆ ಇಡುವುದು ಕಾನೂನಿನ ಬಲದಿಂದ ಅನಿವಾರ್ಯವಾದರೆ ಅದಕ್ಕೆ ಪಾಲಿಕೆಗಳು ತಮ್ಮದೇ ಜಾಗ, ತಮ್ಮದೇ ಸಿಬ್ಬಂದಿ, ಆಯವ್ಯಯದಲ್ಲಿ ತಮ್ಮದೇ ಲೆಕ್ಕಶೀರ್ಷಿಕೆ ಮಾಡಿಕೊಳ್ಳಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ಐದರಲ್ಲೂ ಹಣ ಕೊಡುವ ಅಧಿಕಾರಿ ಯಾರೆಂದು ತಿಳಿಯುವಂತಾದರೆ ಅದೇ ದೊಡ್ಡ ಸುಧಾರಣೆ. ನಮ್ಮಂಥವರು ಪರಿಣತಿಯನ್ನು ಕೊಡಬಹುದು, ನಾಯಿ ಹಿಡಿಯುವವರಿಗೆ ತರಬೇತಿ ಕೊಡಬಹುದು, ಲೆಕ್ಕ ನೋಡಬಹುದು. ಗೂಡು ಕೊಡಲಾಗದು.

ಏನು ಕೊಡಬೇಕೆಂದು ಕೇಳುವ ಓದುಗರಿಗೆ ನನ್ನ ಉತ್ತರ ನೀರಸವಾದದ್ದು. ತಿಂಗಳಿಗೆ 200 ರೂಪಾಯಿ ಕೊಡಿ, ಯಾವ ನಾಯಿಯ ಹೆಸರಿನಲ್ಲೂ ಬೇಡ, ಪ್ರತಿ ತಿಂಗಳೂ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಬರೆದುಕೊಡಿ. ಅಂಥ 900 ಜನರಿದ್ದರೆ 60 ಗೂಡುಗಳ ಒಂದು ಆಶ್ರಯಧಾಮ ಯಾರ ಮುಂದೆಯೂ ಮರಿಯ ಚಿತ್ರ ಹಿಡಿದು ನಿಲ್ಲದೆ ನಡೆಯುತ್ತದೆ. ಗುಜರಾತಿನ ವರ್ತಕರ ಲಾಗು ಇದೇ ಅಲ್ಲವೆ?

ನಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಗೆ ಎರಡು ನಿರ್ಣಯಗಳನ್ನು ಮಂಡಿಸುತ್ತಿದ್ದೇನೆ. ಶಾಶ್ವತವಾಗಿ ಉಳಿಯುವ ಪ್ರಾಣಿಗಳಿಗೆ 15 ಗೂಡುಗಳಿಗಿಂತ ಹೆಚ್ಚು ಮೀಸಲಿಡಬಾರದು ಎಂಬುದು ಒಂದು. ಈಗ 22 ಇವೆ, ಇರುವವನ್ನು ಹೊರಹಾಕುವುದಿಲ್ಲ, ಸಂಖ್ಯೆ ಇಳಿಯುವವರೆಗೆ ಹೊಸದಾಗಿ ಸೇರಿಸುವುದಿಲ್ಲ. ‘ಈ ಪ್ರಾಣಿಗೆ ಮಾತ್ರ’ ಎಂಬ ಷರತ್ತಿನ ದೇಣಿಗೆಯಲ್ಲಿ ಮೂರನೆಯ ಒಂದು ಭಾಗ ಸಂಬಳ ಮತ್ತು ಔಷಧದ ಸಾಮಾನ್ಯ ನಿಧಿಗೆ ಹೋಗುತ್ತದೆಂದು ರಸೀದಿಯ ಮೇಲೆಯೇ ಅಚ್ಚು ಹಾಕಿಸಬೇಕು ಎಂಬುದು ಇನ್ನೊಂದು. ಎರಡಕ್ಕೂ ವಿರೋಧವಿದೆ, ಮೊದಲನೆಯದಕ್ಕೆ ಹೆಚ್ಚು. ಹಿಂಗಾಲು ಸ್ವಾಧೀನ ತಪ್ಪಿದ ಆರು ನಾಯಿಗಳನ್ನು ದಿನವೂ ತೊಳೆದು ಒರೆಸುವ ನಮ್ಮ ಹಿರಿಯ ಕೆಲಸಗಾರ, ಸಂಘದ ಸದಸ್ಯನಲ್ಲದಿದ್ದರೂ, ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದ್ದಾನೆ. ಕೊಟ್ಟಿದ್ದೇವೆ.